ಗ್ರೇವ್ ಕ್ರೀಕ್ ದಿಬ್ಬ: ಒಂದು ಸಮಾಧಿಯ ಎರಡು ಸಾವಿರ ವರ್ಷಗಳು



ವೈದ್ಯರೊಬ್ಬರನ್ನು ಸಭೆಗೆ ಕರೆದರೆ ಮಧುಮೇಹ, ರಕ್ತದ ಒತ್ತಡ, ಕೊಲೆಸ್ಟರಾಲ್ ಈ ಮೂರರಲ್ಲಿ ಒಂದನ್ನು ನಿರೀಕ್ಷಿಸುವುದು ನಮ್ಮ ಕನ್ನಡ ಕೂಟಗಳ ವಾಡಿಕೆ. ನಿಮ್ಮ ಕಾರ್ಯದರ್ಶಿಗಳು ದೂರವಾಣಿಯಲ್ಲಿ ವಿಷಯವೇನೆಂದು ಕೇಳಿದಾಗ ನಾವು 'ಒಂದು ಸಮಾಧಿಯ ಕುರಿತು' ಎಂದೆವು. ಆ ಕಡೆಯಿಂದ ಕೆಲವು ಕ್ಷಣ ಉತ್ತರ ಬರಲಿಲ್ಲ. ಅನಂತರ ಅವರು ಬಹಳ ಸೌಜನ್ಯದಿಂದ, 'ಹಾಗಾದರೆ ಭಾಷಣವನ್ನು ಊಟಕ್ಕೆ ಮುಂಚೆ ಇಟ್ಟುಕೊಳ್ಳೋಣವೋ, ಊಟವಾದ ಮೇಲೋ?' ಎಂದು ಕೇಳಿದರು. ಊಟಕ್ಕೆ ಮುಂಚೆ ಎಂದು ತೀರ್ಮಾನವಾದುದರಿಂದ ನಾವು ಬೇಗ ಮುಗಿಸುವ ಹೊಣೆಯನ್ನೂ ಹೊತ್ತಿದ್ದೇವೆ.

ಒಹಾಯೊದಿಂದ ಪಿಟ್ಸ್‌ಬರ್ಗಿನ ವೆಂಕಟೇಶ್ವರನ ದರ್ಶನಕ್ಕೆ ಹೋಗುವವರು ಐ-70 ಹೆದ್ದಾರಿಯಲ್ಲಿ ವೀಲಿಂಗ್ ನಗರದ ಬಳಿ ಒಹಾಯೊ ನದಿಯನ್ನು ದಾಟುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ನದಿಯ ದಂಡೆಯಲ್ಲೇ ಹನ್ನೆರಡು ಮೈಲಿಯಷ್ಟು ಹೋದರೆ ವೆಸ್ಟ್ ವರ್ಜೀನಿಯಾ ರಾಜ್ಯದ ಮೌಂಡ್ಸ್‌ವಿಲ್ ಎಂಬ ಸಣ್ಣ ಪಟ್ಟಣ. ಹೆಸರೇ ಹೇಳುವಂತೆ ಅದು ದಿಬ್ಬದ ಊರು. ನಿಮ್ಮಲ್ಲಿ ಅನೇಕರು ಸಮೀಪದ ಬೆಟ್ಟದ ಮೇಲಿರುವ ನ್ಯೂ ವೃಂದಾವನದ ಸ್ವರ್ಣ ಅರಮನೆಯನ್ನು ನೋಡಿ ಬಂದಿರುತ್ತೀರಿ. ನಾವೂ ನಾಲ್ಕಾರು ಬಾರಿ ನೋಡಿದ್ದೆವು. ಆದರೆ ಅದಕ್ಕಿಂತ ಎರಡು ಸಾವಿರ ವರ್ಷಗಳಿಗೂ ಹಿಂದಿನ ಇನ್ನೊಂದು ಕಟ್ಟಡ ಕೆಳಗಿನ ಊರಿನಲ್ಲಿದೆಯೆಂಬುದನ್ನು ನಮಗೆ ತಿಳಿಸಿದವರು ಒಬ್ಬ ವೃದ್ಧ ರೋಗಿ. ಅವರ ಶ್ವಾಸಕೋಶವನ್ನು ನಾವು ಪರೀಕ್ಷಿಸುತ್ತಿದ್ದಾಗ, 'ಡಾಕ್ಟರೇ, ನೀವು ಇಂಡಿಯನ್ನರೋ?' ಎಂದು ಕೇಳಿದರು. ಹೌದೆಂದೆವು. 'ಹಾಗಾದರೆ ನಮ್ಮೂರ ದಿಬ್ಬವನ್ನು ನೋಡಲೇಬೇಕು, ಅದು ನಿಮ್ಮವರದು' ಎಂದರು. ಕೊಲಂಬಸ್ ಮಾಡಿದ ತಪ್ಪನ್ನು ತಿದ್ದುತ್ತಾ ಕುಳಿತರೆ ಹೊರಗೆ ಕಾಯುತ್ತಿದ್ದ ಹದಿನೈದು ಮಂದಿ ರೋಗಿಗಳಿಗೆ ಅನ್ಯಾಯವಾಗುತ್ತಿತ್ತು. ಆದುದರಿಂದ ಖಂಡಿತ ನೋಡುತ್ತೇವೆ ಎಂದು ಮಾತು ಕೊಟ್ಟೆವು.

ಮಾತಿನಂತೆ ಹೋದದ್ದು 2014ರ ಬೇಸಗೆಯಲ್ಲಿ, ಊರಿನಿಂದ ಬಂದಿದ್ದ ನಮ್ಮ ತಾಯಿಯವರನ್ನೂ ಮಕ್ಕಳನ್ನೂ ಕರೆದುಕೊಂಡು. ಮನೆಗಳ ನಡುವೆ, ಬೀದಿಯ ಪಕ್ಕದಲ್ಲಿ, ಕವುಚಿಟ್ಟ ಬುಟ್ಟಿಯಂತೆ ಹುಲ್ಲು ಹೊದ್ದ ಒಂದು ಗುಡ್ಡ. ಇಂದು ಅದರ ಎತ್ತರ 62 ಅಡಿ, ಬುಡದ ಅಡ್ಡಳತೆ 240 ಅಡಿ. 1838ರಲ್ಲಿ ಅಳೆದವರು 69 ಅಡಿ ಎತ್ತರವೆಂದು ಬರೆದಿದ್ದಾರೆ. ನಡುವಣ ಏಳು ಅಡಿಗಳು ಎಲ್ಲಿ ಹೋದವೆಂಬುದು ಮುಂದೆ ನಿಮಗೇ ತಿಳಿಯುತ್ತದೆ.

ಕ್ರಿ.ಪೂ. 250ರಿಂದ 150ರ ನಡುವೆ ಇದನ್ನು ಕಟ್ಟಿದರೆಂದು ಪುರಾತತ್ತ್ವಜ್ಞರ ನಿರ್ಣಯ. ನಮ್ಮಲ್ಲಿ ಮಸ್ಕಿ, ಬ್ರಹ್ಮಗಿರಿ, ಕೊಪ್ಪಳಗಳ ಬಂಡೆಗಳ ಮೇಲೆ ಅಶೋಕನ ಧರ್ಮಲಿಪಿಯನ್ನು ಕೊರೆದು ಇನ್ನೂ ಹೆಚ್ಚು ಕಾಲ ಸಂದಿರಲಿಲ್ಲ. ಕಟ್ಟಿದ ಜನರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರೋ ಆ ಹೆಸರು ಉಳಿದಿಲ್ಲ. ವಿದ್ವಾಂಸರು ಅವರ ಸಂಸ್ಕೃತಿಯನ್ನು ಆಡೀನಾ ಎನ್ನುತ್ತಾರೆ. ಅದು ಒಹಾಯೊ ರಾಜ್ಯದ ಚಿಲಿಕಾಥಿ ಬಳಿ ಒಬ್ಬ ಗವರ್ನರರ ಎಸ್ಟೇಟಿಗಿದ್ದ ಹೆಸರು. ಅಲ್ಲಿನ ಒಂದು ದಿಬ್ಬವನ್ನು 1901ರಲ್ಲಿ ಅಗೆದುದರಿಂದ ಈ ಜನರಿಗೆಲ್ಲ ಆ ಹೆಸರೇ ಅಂಟಿಕೊಂಡಿತು. ಜಮೀನ್ದಾರನ ಮನೆಯ ಹೆಸರು ಒಂದು ಜನಾಂಗದ ಹೆಸರಾದ ಬಗೆ ಇದು.

ಐವತ್ತೇಳು ಸಾವಿರ ಟನ್ನುಗಳಿಗೂ ಮಿಕ್ಕಿದ ಮಣ್ಣು. ಅದನ್ನು ಹೊತ್ತು ತಂದವರ ಬಳಿ ಎತ್ತಿರಲಿಲ್ಲ, ಕುದುರೆಯಿರಲಿಲ್ಲ, ಗಾಲಿಯಿರಲಿಲ್ಲ. ಬುಟ್ಟಿ ಮತ್ತು ಬೆನ್ನು, ಇವೆರಡೇ ಸಾಧನಗಳು. ದಿಬ್ಬದ ಸುತ್ತ 40 ಅಡಿ ಅಗಲದ, 5 ಅಡಿ ಆಳದ ಕಂದಕವಿತ್ತು. ಒಳಗೆ ಹೋಗಲು ಒಂದೇ ಒಂದು ಮಣ್ಣಿನ ದಾರಿ. ಮೊದಲು ನೆಲದಲ್ಲಿ ಮರದ ದಿಮ್ಮಿಗಳಿಂದ ಒಂದು ಕೋಣೆ, ಅದರಲ್ಲಿ ಮೃತರು, ಮೇಲೆ ಮಣ್ಣು. ಮುಂದೆ ಮತ್ತೊಂದು ಕೋಣೆ, ಮತ್ತೆ ಮಣ್ಣು. ಒಳಗೆ ದೊರೆತ ಒಡವೆಗಳ ಸಾಮಗ್ರಿಯಾದರೋ ಆ ಊರಿನದಲ್ಲ. ಇಂಥ ದಿಬ್ಬಗಳಿಗೆ ತಾಮ್ರ ಬರುತ್ತಿದ್ದುದು ಸುಪೀರಿಯರ್ ಸರೋವರದ ಸೀಮೆಯಿಂದ, ಅಭ್ರಕ ದಕ್ಷಿಣದ ಅಪಲಾಚಿಯನ್ ಬೆಟ್ಟಗಳಿಂದ, ಚಿಪ್ಪುಗಳು ನೂರಾರು ಮೈಲಿಯಾಚೆಯ ಕಡಲಿನಿಂದ. ಸತ್ತವರಿಗಾಗಿ ಇಷ್ಟು ದೂರದಿಂದ ತರಿಸಿದವರನ್ನು ಅಲೆಮಾರಿಗಳೆಂದು ಹೇಳಿದವರ ವಿಷಯಕ್ಕೆ ಬರುತ್ತೇವೆ.

ಬಿಳಿಯರಲ್ಲಿ ಮೊದಲು ಇಲ್ಲಿ ನೆಲೆಸಿದವನು ಜೋಸೆಫ್ ಟಾಮ್ಲಿನ್‌ಸನ್, 1770ರ ದಶಕದಲ್ಲಿ. ಪಕ್ಕದ ಹೊಳೆಗೆ ಗ್ರೇವ್ ಕ್ರೀಕ್, ಎಂದರೆ ಗೋರಿಯ ಹಳ್ಳ, ಎಂಬ ಹೆಸರು ಬಿತ್ತು. ಗೋರಿಯೆಂಬುದರಲ್ಲಿ ಅಂದು ಯಾರಿಗೂ ಸಂಶಯವಿರಲಿಲ್ಲವೆಂಬುದನ್ನು ಗಮನಿಸಬೇಕು. 1803ರ ಸೆಪ್ಟೆಂಬರಿನಲ್ಲಿ ಮೆರಿವೆದರ್ ಲೂಯಿಸ್ ತನ್ನ ಪ್ರಖ್ಯಾತ ಪಶ್ಚಿಮಯಾತ್ರೆಗೆ ದೋಣಿಯಲ್ಲಿ ಇದೇ ನದಿಯಲ್ಲಿ ಇಳಿದು ಬರುತ್ತಾ ದಿಬ್ಬವನ್ನು ಕಂಡ. ನೆತ್ತಿಯ ಮೇಲೆ ಹದಿಮೂರೂವರೆ ಅಡಿ ಸುತ್ತಳತೆಯ ಬಿಳಿ ಓಕ್ ಮರವೊಂದು ನಿಂತಿತ್ತೆಂದು ದಿನಚರಿಯಲ್ಲಿ ಬರೆದಿಟ್ಟ.

ಇಲ್ಲಿ ತುಸು ಪಕ್ಕಕ್ಕೆ ಸರಿದು ಇನ್ನೊಂದು ದಿಬ್ಬದ ವಿಷಯವನ್ನು ಅರಿಕೆ ಮಾಡಿಕೊಳ್ಳುತ್ತೇವೆ. ಅಂದು ವೆಸ್ಟ್ ವರ್ಜೀನಿಯಾ ಬೇರೆ ರಾಜ್ಯವಾಗಿರಲಿಲ್ಲ, ಇದೆಲ್ಲವೂ ವರ್ಜೀನಿಯಾವೇ. ಆ ರಾಜ್ಯದ ಪೂರ್ವಭಾಗದಲ್ಲಿ, ತಮ್ಮ ಮನೆಯ ಸಮೀಪದ ರಿವಾನಾ ನದಿಯ ಬಳಿ, ಥಾಮಸ್ ಜೆಫರ್‌ಸನ್ನರು ಒಂದು ಸಮಾಧಿ ದಿಬ್ಬವನ್ನು ಸ್ವತಃ ಅಗೆಸಿದರು. ಪದರ ಪದರವಾಗಿ ಪರಿಶೀಲಿಸಿ, ವರ್ಜೀನಿಯಾದ ಕುರಿತ ತಮ್ಮ ಗ್ರಂಥದಲ್ಲಿ ವಿವರಿಸಿದರು. ಆ ಗ್ರಂಥ 1785ರಲ್ಲಿ ಮೊದಲು ಅಚ್ಚಾಯಿತು. ಅದರಲ್ಲಿ ಒಂದು ಸಣ್ಣ ಪ್ರಸಂಗವಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಆ ಸೀಮೆಯಲ್ಲಿ ಹಾದುಹೋಗುತ್ತಿದ್ದ ಇಂಡಿಯನ್ನರ ತಂಡವೊಂದು ಹೆದ್ದಾರಿಯನ್ನು ಬಿಟ್ಟು, ಯಾರನ್ನೂ ದಾರಿ ಕೇಳದೆ, ಕಾಡಿನ ನಡುವೆ ನೇರವಾಗಿ ಆ ದಿಬ್ಬಕ್ಕೆ ಹೋಯಿತಂತೆ. ಅಲ್ಲಿ ಕೆಲಕಾಲ ದುಃಖಿಸುತ್ತಾ ನಿಂತು, ಮತ್ತೆ ಆರು ಮೈಲಿ ಹಿಂದಿರುಗಿ ಬಂದು ತಮ್ಮ ಪ್ರಯಾಣವನ್ನು ಮುಂದುವರಿಸಿತಂತೆ.

ಯಾರ ಸಮಾಧಿಯೆಂಬ ಪ್ರಶ್ನೆಗೆ ಉತ್ತರ ಹೀಗೆ ಕಣ್ಣೆದುರಿಗೇ ನಡೆದುಹೋಗಿತ್ತು. ಆದರೂ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಅದೇ ದೇಶದ ಪಂಡಿತರು, ಪತ್ರಿಕೆಗಳು, ರಾಜಕಾರಣಿಗಳು ಒಂದು ಹೊಸ ಪುರಾಣವನ್ನು ನಂಬತೊಡಗಿದರು. ಈ ದಿಬ್ಬಗಳನ್ನು ಕಟ್ಟಿದವರು ಇಂಡಿಯನ್ನರಲ್ಲ. ಹಿಂದೆ ಇಲ್ಲಿ ಒಂದು ನಾಗರಿಕ ಜನಾಂಗವಿತ್ತು, ಅದನ್ನು ಇಂಡಿಯನ್ನರೇ ನಾಶಗೈದರು, ಎಂಬುದು ಅದರ ಸಾರ. ಕಟ್ಟಿದವರು ಫಿನೀಷಿಯನ್ನರೆಂದರು, ವೆಲ್ಷರೆಂದರು, ಇಸ್ರೇಲಿನ ಕಳೆದುಹೋದ ಕುಲಗಳೆಂದರು. ಕೆಲವರು ಹಿಂದೂಗಳನ್ನೂ ಬಿಡಲಿಲ್ಲ. 1830ರಲ್ಲಿ ಇಂಡಿಯನ್ನರನ್ನು ಮಿಸಿಸಿಪ್ಪಿಯಾಚೆಗೆ ಅಟ್ಟುವ ಕಾಯಿದೆಯಾಯಿತು. ಅದೇ ಡಿಸೆಂಬರಿನಲ್ಲಿ ಅಧ್ಯಕ್ಷ ಆಂಡ್ರೂ ಜಾಕ್‌ಸನ್ ಕಾಂಗ್ರೆಸ್ಸಿಗೆ ಕಳುಹಿಸಿದ ಸಂದೇಶದಲ್ಲಿ ಈ ದಿಬ್ಬಗಳನ್ನೇ ಸಾಕ್ಷಿಗೆ ಕರೆದರು: ಹಿಂದೊಂದು ಬಲಿಷ್ಠ ಜನಾಂಗ ಅಳಿದು ಇಂದಿನ ಕಾಡು ಪಂಗಡಗಳಿಗೆ ಎಡೆ ಬಿಟ್ಟಿತು, ಈಗ ಇವರ ಸರದಿ, ಎಂಬುದು ಅವರ ವಾದದ ಜಾಡು. ಮಕ್ಕಳನ್ನು ಊರು ಬಿಡಿಸಲು ತಾತಂದಿರ ಗೋರಿಯನ್ನೇ ಸಾಕ್ಷಿಯಾಗಿ ನಿಲ್ಲಿಸಿದ ಮೊಕದ್ದಮೆ ಅದು. ದಿಬ್ಬಕ್ಕೆ ಆದ ಉಪಯೋಗಗಳಲ್ಲಿ ಅತ್ಯಂತ ಕೆಟ್ಟದ್ದು ಇದೇ ಎಂದು ನಮ್ಮ ಅಭಿಪ್ರಾಯ. ಮುಂದಿನವು ಇದರ ಮುಂದೆ ಹುಡುಗಾಟಿಕೆ.

1838ರ ಮಾರ್ಚಿಯಲ್ಲಿ ಏಬೆಲಾರ್ಡ್ ಟಾಮ್ಲಿನ್‌ಸನ್ ಎಂಬ, ಅದೇ ಮನೆತನದವನು, ಗ್ರೇವ್ ಕ್ರೀಕ್ ದಿಬ್ಬವನ್ನು ಅಗೆಯತೊಡಗಿದ. ಉತ್ತರದ ಬದಿಯಿಂದ 111 ಅಡಿ ಉದ್ದದ ಸುರಂಗವನ್ನು ಕೊರೆದಾಗ ನಡುವಿನಲ್ಲಿ, ನೆಲಮಟ್ಟದ ಕೆಳಗೆ, ಮರದ ಕೋಣೆ ಸಿಕ್ಕಿತು. ಒಳಗೆ ಇಬ್ಬರ ಎಲುಬುಗಳು, ಒಬ್ಬರ ಬಳಿ 650 ಮಣಿಗಳು. ಬಳಿಕ ನೆತ್ತಿಯಿಂದ ಕೆಳಕ್ಕೆ ಬಾವಿಯಂತೆ ಅಗೆದರು. ಅಲ್ಲಿ ಎರಡನೆಯ ಕೋಣೆ. ಒಂದೇ ಅಸ್ಥಿಪಂಜರ, ಅದರ ಸುತ್ತ 1,700 ಮಣಿಗಳು, 500 ಕಡಲ ಚಿಪ್ಪುಗಳು, ಅಭ್ರಕದ 150 ತುಣುಕುಗಳು, ಕೈಗಳಲ್ಲಿ ಐದು ತಾಮ್ರದ ಬಳೆಗಳು. ಬಳೆ ತೊಟ್ಟ ಕೈಯನ್ನು ಕಂಡರೂ ಅಗೆಯುವುದನ್ನು ನಿಲ್ಲಿಸಲಿಲ್ಲವಲ್ಲ ಎಂದು ನಮ್ಮ ಮನೆಯವರು ಕೇಳಿದರು. ನಿಲ್ಲಿಸುವುದಿರಲಿ, ಕೆಳಗಿನ ಕೋಣೆಯನ್ನು ಅಗಲ ಮಾಡಿ, ಇಟ್ಟಿಗೆ ಕಟ್ಟಿ, ಮೋಂಬತ್ತಿ ಹಚ್ಚಿ, ಅಲ್ಲೊಂದು ವಸ್ತುಸಂಗ್ರಹಾಲಯವನ್ನೇ ತೆರೆದರು. ಅಗಲ ಮಾಡುವಾಗ ಇನ್ನೂ ಹತ್ತು ಮಂದಿಯ ಎಲುಬುಗಳು ಹೊರಬಿದ್ದವು. ಅಸ್ಥಿಪಂಜರವೊಂದನ್ನು ತಂತಿಯಿಂದ ಪೋಣಿಸಿ ತೂಗುಹಾಕಿ, ಹಣ ಪಡೆದು ತೋರಿಸಿದರು. ದಿಬ್ಬದ ತಲೆಯ ಮೇಲೆ ಮೂರಂತಸ್ತಿನ ಮರದ ವೀಕ್ಷಣಾಗೃಹವೊಂದು ನಿಂತಿತು. ಇಷ್ಟಾಗಿಯೂ ವ್ಯಾಪಾರ ನಡೆಯಲಿಲ್ಲ; ಕೆಲವು ವರ್ಷಗಳಲ್ಲಿ ಮುಚ್ಚಿತು.

ಮೇಲಿನ ಕೋಣೆಯಲ್ಲಿ ಎರಡು ಅಂಗುಲವೂ ಇಲ್ಲದ ಒಂದು ಮರಳುಗಲ್ಲಿನ ಬಿಲ್ಲೆ ಸಿಕ್ಕಿತೆಂದು ಪ್ರಕಟವಾಯಿತು. ಅದರ ಮೇಲೆ ಮೂರು ಸಾಲು ಅಕ್ಷರಗಳಂಥ ಗೀಟುಗಳು. ವಿದ್ವಲ್ಲೋಕ ಕುಣಿದಾಡಿತು. 1843ರಲ್ಲಿ ಖುದ್ದಾಗಿ ಬಂದು ನೋಡಿದ ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂಬ ವಿದ್ವಾಂಸರಿಗೆ ಆ ಗೀಟುಗಳಲ್ಲಿ ಗ್ರೀಕ್, ಎಟ್ರುಸ್ಕನ್, ಫಿನೀಷಿಯನ್, ಆಂಗ್ಲೋ-ಸ್ಯಾಕ್ಸನ್, ಕೆಲ್ಟಿಬೇರಿಯನ್ ಹೀಗೆ ಹಲವು ಲಿಪಿಗಳ ಹೋಲಿಕೆ ಕಂಡಿತು. ಇಷ್ಟೊಂದು ಲಿಪಿಗಳನ್ನು ಹೋಲುವ ಬರಹ ವಾಸ್ತವವಾಗಿ ಯಾವ ಲಿಪಿಯೂ ಅಲ್ಲವೆಂದು ಊಹಿಸಲು ಶಾಸನಶಾಸ್ತ್ರ ಓದಬೇಕಾಗಿಲ್ಲ. 1870ರ ದಶಕದಲ್ಲಿ ಎಂ. ಸಿ. ರೀಡ್ ಎಂಬವರು ನಾಲ್ವರು ಪರಿಚಿತರಿಗೆ ಸರಳ ಗೆರೆಗಳಿಂದ ಮನಬಂದ ಗುರುತುಗಳನ್ನು ಬರೆಯಿರೆಂದು ಹೇಳಿ, ಅವೂ ಅಷ್ಟೇ 'ಪ್ರಾಚೀನ'ವಾಗಿ ಕಾಣುವುದನ್ನು ತೋರಿಸಿಕೊಟ್ಟರು. 2008ರಲ್ಲಿ ಡೇವಿಡ್ ಓಸ್ಟ್ರೈಕರ್ ಎಂಬ ಸಂಶೋಧಕರು ಆ ಗೀಟುಗಳ ಮೂಲವನ್ನೇ ಪತ್ತೆ ಹಚ್ಚಿದರು: ಸ್ಪೇನಿನ ಅಜ್ಞಾತ ಲಿಪಿಗಳ ಕುರಿತು 1752ರಲ್ಲಿ ಅಚ್ಚಾದ ಒಂದು ಪುಸ್ತಕ. ಬರೆದಿಟ್ಟವರು ಅಗೆತಕ್ಕೆ ಹಣ ಹೂಡಿದ್ದ, ವೀಲಿಂಗಿನ ಜೇಮ್ಸ್ ಕ್ಲೆಮೆನ್ಸ್ ಎಂದು ಅವರ ತೀರ್ಮಾನ. ಈ ಮಹಾಶಯರ ವೃತ್ತಿಯೇನೆಂದು ಊಹಿಸಬಲ್ಲಿರಾ? ವೈದ್ಯರು!

ಕಥೆ ಕಟ್ಟುವುದು ಅವರ ಸೊತ್ತೇನೂ ಅಲ್ಲ. ಗಂಗಾವತಿಯ ಕಡೆ ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ನೂರಾರು ಶಿಲಾಗೋರಿಗಳನ್ನು ನಮ್ಮ ಜನ 'ಮೋರ್ಯರ ಮನೆ'ಗಳೆಂದು, ಮೋರ್ಯರೆಂಬವರು ಮೂರಡಿಯ ಕುಳ್ಳರೆಂದು ಹೇಳಿಕೊಂಡು ಬಂದಿದ್ದಾರೆ. ಆದರೆ ಆ ಕಥೆಯಿಂದ ಯಾರ ಜಮೀನೂ ಹೋಗಲಿಲ್ಲ. ಇಲ್ಲಿ ಸ್ಕೂಲ್‌ಕ್ರಾಫ್ಟ್ ಗೀಟುಗಳನ್ನು ಓದುತ್ತಿದ್ದ ಅದೇ 1843ರಲ್ಲಿ ವಯಂಡಾಟ್ ಜನರು, ಒಹಾಯೊದಲ್ಲಿ ಉಳಿದಿದ್ದ ಕೊನೆಯ ಪಂಗಡ, ಊರು ಬಿಟ್ಟು ಸಿನ್ಸಿನ್ನಾಟಿಯಲ್ಲಿ ಉಗಿದೋಣಿ ಹತ್ತಿ ಇದೇ ನದಿಯಲ್ಲಿ ಪಶ್ಚಿಮಕ್ಕೆ ಹೊರಟುಹೋದರು.

ಆಮೇಲಿನದನ್ನು ಬೇಗ ಹೇಳಿಬಿಡಬಹುದು. 1860ರ ದಶಕದಲ್ಲಿ ದಿಬ್ಬದ ನೆತ್ತಿಯ ಮೇಲೆ ಸಾರಾಯಿ ಅಂಗಡಿ. ಅಂತರ್ಯುದ್ಧದ ವೇಳೆ ಅಲ್ಲೇ ಫಿರಂಗಿಗಳು. ಯುದ್ಧ ಮುಗಿದ ಬಳಿಕ ಬುಡದ ಸುತ್ತ ಕುದುರೆ ಪಂದ್ಯದ ಹಾದಿ, ತೀರ್ಪುಗಾರರಿಗೆ ಆಸನ ದಿಬ್ಬದ ಮೇಲೆ. ಎದುರಿಗೇ, ಬೀದಿಯ ಆಚೆ, 1866ರಲ್ಲಿ ರಾಜ್ಯದ ಸೆರೆಮನೆಯ ಕಟ್ಟಡ ಆರಂಭವಾಯಿತು. ನೆತ್ತಿಯಲ್ಲಿ ಅಗೆದ ಬಾವಿ ಕುಸಿದು ಗುಳಿಬಿದ್ದು, ಮಣ್ಣು ಜಾರಿ, ಕಂದಕ ಕಾಣದಾಯಿತು. ಊರ ನಾಗರಿಕರ, ಅದರಲ್ಲೂ ಮಹಿಳೆಯರ, ಒತ್ತಾಸೆಯಿಂದ 1909ರಲ್ಲಿ ರಾಜ್ಯ ಸರಕಾರ ದಿಬ್ಬವನ್ನು ಕೊಂಡುಕೊಂಡಿತು. ನೋಡಿಕೊಳ್ಳುವ ಹೊಣೆ ಬಿದ್ದದ್ದು ಸೆರೆಮನೆಯ ಅಧಿಕಾರಿಗೆ. ಗುಳಿಯನ್ನು ತುಂಬಿ ದುರಸ್ತಿ ಮಾಡಿದವರು ಕೈದಿಗಳು. ಸತ್ತವರ ಮನೆಯನ್ನು ಬಂಧನದಲ್ಲಿದ್ದವರು ಸರಿಪಡಿಸಿದರು. ಇಷ್ಟೆಲ್ಲ ಉಪಯೋಗಗಳ ನಡುವೆ ಅದನ್ನು ಗೋರಿಯಾಗಿ ಕಂಡವರು ಒಬ್ಬರಾದರೂ ಇದ್ದರೇ ಎಂದು ಹುಡುಕಿದರೆ ಹೆಸರು ಸಿಗುವುದು ಕಷ್ಟ. ಆ ಸೆರೆಮನೆ 1995ರಲ್ಲಿ ಮುಚ್ಚಿತು. ಕೋಟೆಯಂಥ ಅದರ ಗೋಡೆಗಳು ಇನ್ನೂ ಅಲ್ಲೇ ನಿಂತಿವೆ.

ದಿಬ್ಬಗಳ ಪುರಾಣಕ್ಕೆ ತೆರೆ ಎಳೆದವರು ಸೈರಸ್ ಥಾಮಸ್. ಕಳೆದುಹೋದ ಜನಾಂಗದ ಕಥೆಯನ್ನು ಒಂದು ಕಾಲಕ್ಕೆ ತಾವೇ ನಂಬಿದ್ದ ಅವರು, ಸರಕಾರದ ಪರವಾಗಿ ವರ್ಷಗಟ್ಟಲೆ ಸಹಸ್ರಾರು ದಿಬ್ಬಗಳ ಸಮೀಕ್ಷೆ ನಡೆಸಿ, 1894ರ ಬೃಹತ್ ವರದಿಯಲ್ಲಿ ಇವನ್ನು ಕಟ್ಟಿದವರು ಇಂಡಿಯನ್ನರ ಪೂರ್ವಿಕರೇ ಎಂದು ಸ್ಥಾಪಿಸಿದರು. ಆ ವೇಳೆಗೆ ನದಿಯ ಎರಡೂ ದಂಡೆಗಳು ಖಾಲಿಯಾಗಿ ಐವತ್ತು ವರ್ಷಗಳಾಗಿದ್ದವು.

ಈಗ ನಮ್ಮ ವೃತ್ತಿಯ ಲೆಕ್ಕವನ್ನು ಒಪ್ಪಿಸಬೇಕು. ಈ ದಿಬ್ಬದ ವೃತ್ತಾಂತವನ್ನು ಡಾಕ್ಟರ್ ಕ್ಲೆಮೆನ್ಸರಿಂದ ಪಡೆದವರು ಫಿಲಡೆಲ್ಫಿಯಾದ ಇನ್ನೊಬ್ಬ ವೈದ್ಯರು, ಸ್ಯಾಮ್ಯುಯೆಲ್ ಮಾರ್ಟನ್. ಅಮೆರಿಕದ ತಲೆಬುರುಡೆಗಳ ಕುರಿತು 1839ರಲ್ಲಿ ಅವರು ಪ್ರಕಟಿಸಿದ ಮಹಾಗ್ರಂಥದಲ್ಲಿ ಗ್ರೇವ್ ಕ್ರೀಕಿನದೂ ಸೇರಿತ್ತು. ದಿಬ್ಬದವರೂ ಇಂಡಿಯನ್ನರೂ ಒಂದೇ ಕುಲವೆಂದು ಅವರು ಕಂಡುಕೊಂಡದ್ದು ಸತ್ಯವೇ ಆಗಿತ್ತು. ಆದರೆ ಅಷ್ಟಕ್ಕೆ ನಿಲ್ಲದೆ, ಬುರುಡೆಗಳಿಗೆ ಕಾಳು ತುಂಬಿ, ಆಮೇಲೆ ಸೀಸದ ಗುಂಡು ತುಂಬಿ, ಒಳಗಿನ ಗಾತ್ರವನ್ನಳೆದು, ಮನುಷ್ಯಕುಲಗಳಿಗೆ ಮೇಲುಕೀಳಿನ ಪಟ್ಟಿಯನ್ನೇ ಕಟ್ಟಿದರು. ಆ ಸಂಗ್ರಹದಲ್ಲಿ ಬಂಗಾಳದಿಂದ ತರಿಸಿದ ಬುರುಡೆಗಳೂ ಇದ್ದವು. ಪಟ್ಟಿಯಲ್ಲಿ ನಮ್ಮ ದೇಶದವರಿಗೂ ಒಂದು ಸ್ಥಾನವಿತ್ತು, ಅದು ಮೇಲಿನದಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಈ ಸಂಗ್ರಹ ಮುಂದೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯವನ್ನು ಸೇರಿತು. 2021ರಲ್ಲಿ ಆ ಸಂಸ್ಥೆ ಬಹಿರಂಗವಾಗಿ ಕ್ಷಮೆ ಕೋರಿತು.

ಮಾರ್ಟನ್ನರ ಮೇಲೆ ಕಲ್ಲೆಸೆಯುವ ಮುನ್ನ ನಾವು ನಮ್ಮದೇ ಹಳೆಯ ಟ್ರಂಕನ್ನು ತೆರೆಯಬೇಕಾಗುತ್ತದೆ. ಎಂ.ಬಿ.ಬಿ.ಎಸ್. ಮೊದಲ ವರ್ಷದಲ್ಲಿ ಅಂಗರಚನಾಶಾಸ್ತ್ರಕ್ಕಾಗಿ ಹಿರಿಯ ವಿದ್ಯಾರ್ಥಿಯೊಬ್ಬರಿಂದ ನಾವೊಂದು 'ಬೋನ್ ಸೆಟ್' ಕೊಂಡಿದ್ದೆವು. ಸಭೆಯಲ್ಲಿರುವ ವೈದ್ಯಮಿತ್ರರು ನಗುತ್ತಿದ್ದೀರಿ, ನೀವೂ ಕೊಂಡಿದ್ದಿರಿ. ರಜೆಗೆ ಊರಿಗೆ ಹೋಗುವಾಗ ಓದಲೆಂದು ಅದನ್ನು ಗೋಣಿಚೀಲದಲ್ಲಿ ಒಯ್ದರೆ ನಮ್ಮ ತಾಯಿಯವರು ಹೊಸ್ತಿಲು ದಾಟಿಸಗೊಡಲಿಲ್ಲ. ದನದ ಕೊಟ್ಟಿಗೆಯಲ್ಲಿ ಕುಳಿತು ತೊಡೆಯೆಲುಬನ್ನು ಕಲಿತೆವು. ಅವರು ದೂರದಿಂದಲೇ, 'ಇದು ಯಾರ ಮನೆಯವರದಪ್ಪಾ?' ಎಂದು ಕೇಳಿದ್ದರು. ನಾವು ಬಹಳ ಕಲಿತವರಂತೆ, 'ಇದು ಯಾರದೂ ಅಲ್ಲ, ಸ್ಪೆಸಿಮನ್' ಎಂದಿದ್ದೆವು. ವರ್ಷ ಕಳೆದ ಮೇಲೆ ಕೊಂಡ ಬೆಲೆಗೇ ಕಿರಿಯನೊಬ್ಬನಿಗೆ ಮಾರಿದೆವು.

1985ರಲ್ಲಿ ಭಾರತ ಸರಕಾರ ರಫ್ತನ್ನು ನಿಷೇಧಿಸುವವರೆಗೆ ಜಗತ್ತಿನ ವೈದ್ಯಕೀಯ ಕಾಲೇಜುಗಳಿಗೆಲ್ಲ ಅಸ್ಥಿಪಂಜರಗಳನ್ನು ಒದಗಿಸುತ್ತಿದ್ದ ಬಹುಮುಖ್ಯ ದೇಶ ನಮ್ಮದು. ಕಲ್ಕತ್ತೆ ಆ ವ್ಯಾಪಾರದ ಕೇಂದ್ರ. ಸುಡಲು ಸೌದೆಗೆ ಗತಿಯಿಲ್ಲದವರ, ವಾರಸುದಾರರಿಲ್ಲದವರ ದೇಹಗಳು, ಗೋರಿಗಳಿಂದ ಕದ್ದವುಗಳೂ, ತಂತಿ ಪೋಣಿಸಿಕೊಂಡು ಹಡಗು ಹತ್ತುತ್ತಿದ್ದವು. ನಾವು ಈ ದೇಶಕ್ಕೆ ರೆಸಿಡೆನ್ಸಿಗೆ ಬಂದಾಗ ಬೋಧನಾ ಕೊಠಡಿಯ ಮೂಲೆಯಲ್ಲಿ ಒಂದು ತೂಗುತ್ತಿತ್ತು. ಅದರ ಹಳೆಯ ಪೆಟ್ಟಿಗೆಯ ಮೇಲೆ ಕಲ್ಕತ್ತೆಯ ಹೆಸರನ್ನು ಕಂಡು ಸಹಪಾಠಿಗಳು, 'ನಿಮಗಿಂತ ಮೊದಲು ಬಂದ ವಲಸಿಗ' ಎಂದು ತಮಾಷೆ ಮಾಡಿದರು. ನಾವೂ ನಕ್ಕೆವು. ಹೊಸ ಕೆಲಸ, ವೀಸಾದ ಚಿಂತೆ. ನಗದೆ ಏನು ಮಾಡುವುದು?

1990ರಲ್ಲಿ ಈ ದೇಶದಲ್ಲೊಂದು ಕಾಯಿದೆ ಬಂದಿತು. ಸ್ಥಳೀಯ ಅಮೆರಿಕನ್ನರ ಅಸ್ಥಿಗಳನ್ನೂ ಸಮಾಧಿಯ ವಸ್ತುಗಳನ್ನೂ ಅವರವರ ಪಂಗಡಗಳಿಗೆ ಮರಳಿಸಬೇಕೆಂಬುದು ಅದರ ವಿಧಿ. 2024ರ ಜನವರಿಯಿಂದ ಜಾರಿಗೆ ಬಂದ ಹೊಸ ನಿಯಮಗಳ ಪ್ರಕಾರ ಪಂಗಡಗಳ ಒಪ್ಪಿಗೆಯಿಲ್ಲದೆ ಅವನ್ನು ಪ್ರದರ್ಶಿಸುವಂತಿಲ್ಲ. ದೊಡ್ಡ ವಸ್ತುಸಂಗ್ರಹಾಲಯಗಳು ಕೂಡ ಕೆಲವು ಮೊಗಸಾಲೆಗಳನ್ನು ಮುಚ್ಚಬೇಕಾಯಿತು. ಕಲ್ಕತ್ತೆಯಿಂದ ಬಂದವರಿಗೆ ಇಂಥ ಕಾಯಿದೆಯಿಲ್ಲ. ಕೇಳಲು ಬರುವ ಪಂಗಡವೂ ಇಲ್ಲ.

ಮತ್ತೆ 2014ಕ್ಕೆ. ಮಕ್ಕಳು ಮೆಟ್ಟಿಲು ಹತ್ತಿ ನೆತ್ತಿಗೆ ಓಡಿದರು. ಅಲ್ಲಿಂದ ನದಿಯೂ ಸೆರೆಮನೆಯ ಗೋಡೆಯೂ ಚೆನ್ನಾಗಿ ಕಾಣುತ್ತವೆ. ನಮ್ಮ ತಾಯಿಯವರು ಮಾತ್ರ, ಸಮಾಧಿಯೆಂದ ಮೇಲೆ ತುಳಿಯುವುದುಂಟೇ ಎಂದು ಕೆಳಗೇ ಬೆಂಚಿನ ಮೇಲೆ ಕುಳಿತರು. ನಾವೂ ಅವರ ಜೊತೆಗೆ ಉಳಿದೆವು. 'ಯಾರ ಮನೆಯವರದು?' ಎಂದು ಕೇಳಿದರು. ಈ ಬಾರಿ ಸ್ಪೆಸಿಮನ್ ಎನ್ನಲಿಲ್ಲ. ಹೊರಟ ಮೇಲೆ ಕಾರಿನಲ್ಲಿ, ಆರು ಮೈಲಿ ದಾರಿ ಬಿಟ್ಟು ಹೋಗಿ ಅತ್ತು ಬಂದವರ ಕಥೆಯನ್ನು ಅವರಿಗೆ ಹೇಳಿದೆವು. ಬಹಳ ಹೊತ್ತಾದ ಮೇಲೆ, 'ಆಮೇಲೆ ಮತ್ತೆ ಬಂದರಂತೆಯೋ?' ಎಂದರು. ಈ ಸೀಮೆಯವರನ್ನು ಸರಕಾರ ಮಿಸಿಸಿಪ್ಪಿಯ ಆಚೆಗೆ, ಸಾವಿರ ಮೈಲಿ ದೂರಕ್ಕೆ ಕಳುಹಿಸಿತೆಂದು ತಿಳಿಸಿದೆವು. ಮನೆಗೆ ಬಂದೊಡನೆ, ರಾತ್ರಿ ಹತ್ತು ಗಂಟೆಯಾಗಿದ್ದರೂ, ನೀರು ಕಾದಿದೆಯೇ ಎಂದು ವಿಚಾರಿಸಿ ತಲೆಗೆ ಸ್ನಾನ ಮಾಡಿದರು. ನಮ್ಮಿಂದಲೂ ಮಕ್ಕಳಿಂದಲೂ ಮಾಡಿಸಿದರು. ಸಾವಾದ ಮನೆಯಿಂದ ಬಂದವರು ಮಾಡುವ ಸ್ನಾನ ಅದು.

ಊಟದ ಮನೆಯಿಂದ ಸಾರಿನ ಒಗ್ಗರಣೆಯ ಪರಿಮಳ ಬರುತ್ತಿದೆ.